ಕ್ಷಮ ವೇಣಂ

2024ರ ಆಗಸ್ಟ್ 18, ಭಾನುವಾರ, ಬೆಳಿಗ್ಗೆ 8 ಗಂಟೆ 25 ನಿಮಿಷ. ಕೊಚ್ಚಿಯ ಎಡಪ್ಪಳ್ಳಿಯ ಒಂದು ಚಿಕ್ಕ ಚರ್ಚಿನ ಮೆಟ್ಟಿಲ ಮೇಲೆ ಅಚ್ಚನ್ ಆಡಿದ ಮಾತು ಕಿವಿಗೆ ಬಿದ್ದದ್ದೇ ತಡ, ಆಶಿಶ್ ಚಪ್ಪಲಿ ಮೆಟ್ಟಿಕೊಂಡು ಆಟೊ ಹಿಡಿಯಲು ರಸ್ತೆಗೆ ಓಡಿದ. ಎಲ್ಲರೂ ಅಚ್ಚನ್ ಎಂದು ಕರೆಯುವ ಆ ಮಲಯಾಳಿ ಪಾದ್ರಿಗಳು ಅವನ ಭುಜ ತಟ್ಟಿ ಹೇಳಿದ್ದು ಇಷ್ಟೇ: "ಕ್ಷಮ ವೇಣಂ ಮೋನೇ, ಕ್ಷಮ."

ತುಮಕೂರಿನ ಆಶಿಶ್ ಕೊಚ್ಚಿಗೆ ಬಂದು ಎಂಟು ತಿಂಗಳು. ಅವನ ಮಲಯಾಳ ಹೋಟೆಲಿನಲ್ಲಿ ಊಟ ಕೇಳುವುದಕ್ಕೆ ಸಾಕಾಗುತ್ತಿತ್ತು, ಪ್ರಸಂಗ ಕೇಳುವುದಕ್ಕೆ ಅರೆಬರೆ. ಆದರೆ ಆ ಬೆಳಿಗ್ಗೆ ಒಂದು ಪದ ಮಾತ್ರ ನೇರವಾಗಿ ಬಂದು ನಾಟಿತ್ತು. ದೇವರು ದೀರ್ಘಕ್ಷಮೆಯುಳ್ಳವನು ಎಂದು ಅಚ್ಚನ್ ಮತ್ತೆ ಮತ್ತೆ ಹೇಳಿದ್ದರು. ಎಷ್ಟು ಕೊಟ್ಟರೂ ಮುಗಿಯದ ಕ್ಷಮೆ! ಆರಾಧನೆ ಮುಗಿದ ಮೇಲೆ ಅವನು ಹರಕುಮುರುಕು ಮಲಯಾಳದಲ್ಲಿ, ತಿರುವನಂತಪುರದಲ್ಲಿರುವ ಅಕ್ಕ ಎರಡು ವರ್ಷದಿಂದ ತನ್ನೊಡನೆ ಮಾತಾಡಿಲ್ಲ, ಏನು ಮಾಡಲಿ ಎಂದು ಕೇಳಿದ್ದ. ಬಂದ ಉತ್ತರ ಅದು. ಕ್ಷಮೆ ಬೇಕು, ಮಗನೇ. ಹೋಗಿ ಕೇಳು. ದೇವರು ಇದಕ್ಕಿಂತ ಬಿಡಿಸಿ ಇನ್ನು ಹೇಗೆ ಹೇಳಿಯಾನು?

ಎರ್ನಾಕುಳಂನಲ್ಲಿ ಹೊರಡಲು ನಿಂತಿದ್ದ ರೈಲಿನ ಜನರಲ್ ಬೋಗಿಗೆ ಅವನು ಹಾರಿದಂತೆಯೇ ಹತ್ತಿದ. ಕೂರಲು ಜಾಗ ಸಿಗಲಿಲ್ಲ, ಸಿಕ್ಕಿದ್ದರೂ ಕೂರುತ್ತಿರಲಿಲ್ಲ. ಬಾಗಿಲ ಬಳಿ ನಿಂತು, ಹೇಳಬೇಕಾದ್ದನ್ನು ಆಲಪ್ಪುಳದವರೆಗೆ ಒಂದು ರೀತಿ, ಕೊಲ್ಲಂವರೆಗೆ ಇನ್ನೊಂದು ರೀತಿ ಬಾಯಿಪಾಠ ಮಾಡಿದ. ಅಕ್ಕ ಹಂಸಾ ಬಾಹ್ಯಾಕಾಶ ಸಂಸ್ಥೆಯಲ್ಲಿ ವಿಜ್ಞಾನಿ. ಅಮ್ಮ ಹೋದ ದಿನ ಅವಳು ಉಡಾವಣೆಯ ಕೆಲಸದಲ್ಲಿದ್ದಳು. ಸುದ್ದಿ ತಿಳಿದು ಬರುವಷ್ಟರಲ್ಲಿ ಪೆಟ್ಟಿಗೆ ಮುಚ್ಚಿಯಾಗಿತ್ತು. ಸಮಾಧಿಯ ಪಕ್ಕದಲ್ಲಿ, ಬಂಧುಬಳಗವೆಲ್ಲ ನಿಂತಿರುವಾಗ, ಆಶಿಶ್ ಕೇಳಿದ್ದ: "ನಿನ್ನ ರಾಕೆಟ್ ಸರಿಯಾಗಿ ಹಾರ್ತಾ ಅಕ್ಕ?" ಅವಳು ಉತ್ತರ ಕೊಡಲಿಲ್ಲ. ಅಂದಿನಿಂದ ಇಂದಿನವರೆಗೂ ಕೊಟ್ಟಿರಲಿಲ್ಲ. ಹೋದ ಕ್ರಿಸ್ಮಸ್‌ಗೆ, ಕೊಚ್ಚಿಗೆ ಬಂದ ಸುದ್ದಿಯನ್ನೂ ಸೇರಿಸಿ ಅವನು ಕಳಿಸಿದ ಶುಭಾಶಯಕ್ಕೆ ಬಂದದ್ದು ಒಂದು ಹೆಬ್ಬೆಟ್ಟಿನ ಚಿತ್ರ.

ವರ್ಕಲ ದಾಟುವಾಗ ಹಸಿವು ನೆನಪಾಯಿತು. ಅಕ್ಕನ ಮನೆಯಲ್ಲಿ ಹೇಳದೆ ಹೋದವರಿಗೆ ಅನ್ನವಿರುವುದಿಲ್ಲ. ಒಂಟಿಯಾಗಿರುವ ಅವಳು ಅಕ್ಕಿಯನ್ನು ಪ್ರಯೋಗಾಲಯದ ಪುಡಿಯಂತೆ ತೂಗುತ್ತಾಳೆ: ಒಬ್ಬರಿಗೆ ತೊಂಬತ್ತು ಗ್ರಾಂ, ಒಂದು ಕಾಳು ಹೆಚ್ಚಿಲ್ಲ. ತೂಗಿದ್ದನ್ನು ಫ್ರಿಜ್ಜಿಗೆ ಅಂಟಿಸಿದ ಹಾಳೆಯಲ್ಲಿ ದಿನಾ ಬರೆದೂ ಇಡುತ್ತಾಳೆ. 'ನಿನ್ನ ಮನೆಗೆ ಬರೋ ನೆಂಟರು ವಾರ ಮುಂಚೆ ಅರ್ಜಿ ಹಾಕ್ಬೇಕು' ಎಂದು ಅಮ್ಮ ಗೇಲಿ ಮಾಡುತ್ತಿದ್ದಳು. ಆಶಿಶ್ ರೈಲಿನಲ್ಲಿ ಮಾರಲು ಬಂದ ಪಳಂಪೊರಿ ಎಂಬ ಬಾಳೆಹಣ್ಣಿನ ಬಜ್ಜಿ ಎರಡು ಕೊಂಡು ಕಾಗದದಲ್ಲಿ ಕಟ್ಟಿಸಿಕೊಂಡ.

ತಿರುವನಂತಪುರದ ತಂಪಾನೂರಿನಲ್ಲಿ ಇಳಿದು ಆಟೊ ಹಿಡಿದು ಅವಳ ಕ್ವಾರ್ಟರ್ಸ್ ತಲುಪಿದಾಗ ಎರಡು ಗಂಟೆ. ಬಾಗಿಲು ತೆರೆದ ಹಂಸಾ ಅವನನ್ನೂ ಅವನ ಕೈಯಲ್ಲಿದ್ದ ಎಣ್ಣೆ ಬಿಟ್ಟ ಪೊಟ್ಟಣವನ್ನೂ ನೋಡಿದಳು. ಬಾಯಿಪಾಠ ಮಾಡಿದ ಎರಡೂ ಭಾಷಣ ಅವನಿಗೆ ಮರೆತುಹೋದವು.

"ಅಕ್ಕ, ಅವತ್ತು ನಾನು ಹಾಗೆ ಕೇಳ್ಬಾರದಿತ್ತು. ಅಮ್ಮನ್ನ ನೆನೆಸ್ಕೊಂಡಾಗೆಲ್ಲ ನನಗೆ ಆ ಮಾತೇ ಕೇಳ್ಸುತ್ತೆ. ಕ್ಷಮ್ಸು."

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಇವತ್ತೇ ಯಾಕೆ ಬಂದೆ ಎಂದು ಕೇಳಿದಳು. ಅವನು ಪ್ರಸಂಗದಿಂದ ಹಿಡಿದು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿದ.

"ಅಚ್ಚನ್ ಹೇಳಿದ್ದನ್ನ ಹೇಳಿದ ಹಾಗೇ ಹೇಳು," ಎಂದಳು ಹಂಸಾ.

"ಕ್ಷಮ ವೇಣಂ ಮೋನೇ, ಕ್ಷಮ."

ಅವಳ ತುಟಿ ಅದುರಿತು. ಅಳುತ್ತಾಳೆಂದು ಅವನು ಹೆದರಿದ. ಅವಳು ನಕ್ಕುಬಿಟ್ಟಳು, ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು.

"ಲೋ ಪೆದ್ದ, ಇಲ್ಲಿ ಕ್ಷಮ ಅಂದ್ರೆ ತಾಳ್ಮೆ ಕಣೋ. ಸುಮ್ನೆ ಕಾಯ್ತಾ ಇರು ಅಂದಿದ್ದಾರೆ ಅವರು. ನೀನು ರೈಲು ಹತ್ತಿ ಬಂದಿದ್ದೀಯ."

ಆಶಿಶನ ಕಿವಿ ಬಿಸಿಯಾಯಿತು. ಹಾಗಾದರೆ ಆ ದೀರ್ಘಕ್ಷಮೆ ಅಂದರೇನು ಎಂದು ಅವನು ತೊದಲಿದ. ಅಮ್ಮನ ಬೈಬಲಿನಲ್ಲಿ ದೀರ್ಘಶಾಂತ ಎಂದಿದೆಯಲ್ಲ, ಅದೇ ಇದು ಎಂದಳು ಅಕ್ಕ. ಬೇಗ ಸಿಟ್ಟಾಗದೆ ಕಾದು ಕೂರುವ ದೇವರು.

"ಹಾಗಾದ್ರೆ ವಾಪಸ್ ಹೋಗಿ ಕಾಯ್ಲಾ?"

"ಕೈ ತೊಳ್ಕೊ ನಡಿ. ಊಟಕ್ಕೆ ಹೊತ್ತಾಯ್ತು."

"ನನಗೆ ತಂದ್ಕೊಂಡಿದ್ದೀನಿ ಅಕ್ಕ," ಎಂದು ಅವನು ಪೊಟ್ಟಣ ತೋರಿಸಿದ. ಅವಳು ಅದನ್ನು ಕಿತ್ತುಕೊಂಡು ಊಟದ ಮೇಜಿನ ಮೇಲಿಟ್ಟಳು.

ಅಡುಗೆಮನೆಯ ನಲ್ಲಿಯಲ್ಲಿ ಕೈ ತೊಳೆದು ತಿರುಗಿದಾಗ ಫ್ರಿಜ್ಜಿನ ಹಾಳೆ ಕಣ್ಣಿಗೆ ಬಿತ್ತು. ಜನವರಿಯಿಂದ ಸಾಲುಸಾಲಾಗಿ ಅಕ್ಕನ ಉರುಟು ಅಕ್ಷರ. ಸೋಮವಾರ ತೊಂಬತ್ತು, ಮಂಗಳವಾರ ತೊಂಬತ್ತು, ಶನಿವಾರವೂ ತೊಂಬತ್ತೇ. ಅವನು ಒದ್ದೆ ಬೆರಳಿನಿಂದ ಭಾನುವಾರಗಳನ್ನಷ್ಟೇ ಹುಡುಕುತ್ತ ಕೆಳಗಿಳಿದ. ಮೂವತ್ತಮೂರು ಭಾನುವಾರಗಳು. ಇವತ್ತಿನದೂ ಬೆಳಿಗ್ಗೆಯೇ ಬರೆದಾಗಿತ್ತು, ಉಳಿದವುಗಳ ಹಾಗೆಯೇ: ಅಕ್ಕಿ, 180 ಗ್ರಾಂ.