ಗದ್ದದ ಮೇಲಿನ ಗೀರು

ತೀರ್ಪಿನ ಬಟನ್ ಒತ್ತಲು ಊರಿನ ಪ್ರತಿ ಅಂಗಡಿಗೂ ಬೆಳಗಿನ ಹನ್ನೊಂದರವರೆಗೆ ಸಮಯವಿತ್ತು. ಕೆಂಪು ಎಂದರೆ ಗಲ್ಲು, ಹಸಿರು ಎಂದರೆ ಬಿಡುಗಡೆ. ಹಸಿರು ಒತ್ತಿದವರ ಮುಖ ಕೂಡಲೇ ಟಿವಿಯಲ್ಲಿ ಬರುತ್ತಿತ್ತು.

ತಿರಕಪ್ಪನ ಸಲೂನಿನ ಟಿವಿಯಲ್ಲಿ, ಶಾಸಕರ ಕೊಲೆಯ ಆರೋಪ ಹೊತ್ತ ಹೂವಿನಂಗಡಿಯ ಮೈಲಾರಿಯ ಫೋಟೊ ಇತ್ತು. ಅವನ ಗದ್ದದ ಗೀರಿನ ಸುತ್ತ ಕೆಂಪು ವೃತ್ತ ಎಳೆದು ನಿರೂಪಕ ಕಿರುಚುತ್ತಿದ್ದ: "ಕತ್ತು ಕುಯ್ಯುವಾಗ ಶಾಸಕರು ಪರಚಿದ ಗುರುತು!" ಚುನಾವಣೆಗೆ ಮೊದಲೇ ಗಲ್ಲಾಗಬೇಕೆಂದು ಎರಡೂ ಪಕ್ಷಗಳು ಹೇಳಿಯಾಗಿತ್ತು.

"ಕೆಂಪು ಒತ್ತಪಾ, ಇನ್ನ ಎರಡ ನಿಮಿಷ ಐತಿ," ಎಂದರು ಕುರ್ಚಿಯಲ್ಲಿ ಅರ್ಧ ಗಡ್ಡ ಮುಗಿಸಿಕೊಂಡಿದ್ದ ಕುಬಸದ ಮಾಸ್ತರು.

"ಆ ಗೀರು ನನ್ನ ಕತ್ತೀದು, ಸರ. ಕೊಲಿ ಆದ ಹೊತ್ತಿನ್ಯಾಗ ಅಂವ ಇದ ಕುರ್ಚ್ಯಾಗ ಕುಂತಿದ್ದ. ಹೆಣ್ಣ ನೋಡಾಕ ಹೊಂಟಿದ್ದ."

"ಕೊಲಿ ಆಗಿದ್ದು ಮಂಗಳವಾರ. ಮಂಗಳವಾರ ಯಾವ ಸಲೂನ್ ತೆರದಿರ್ತೈತಿ?"

"ಶಟರ್ ಇಳಿಸಿ ಮಾಡಿದ್ದೆ."

"ಯಾರ ನಂಬ್ತಾರ? ನಿನ್ನ ಜೋಡಿ ನನ್ನ ಮುಖಾನೂ ಬರೂದು ಬ್ಯಾಡ."

ಮಾಸ್ತರು ಒಂದು ಕೆನ್ನೆಯ ನೊರೆಯೊಂದಿಗೇ ಬೀದಿಗಿಳಿದರು. ತಿರಕಪ್ಪ ಕಣ್ಣು ಮುಚ್ಚಿ ಹಸಿರು ಒತ್ತಿದ.

ಕಣ್ಣು ಬಿಟ್ಟಾಗ ಟಿವಿಯಲ್ಲಿ ಅವನೇ ಇದ್ದ. ಕೆಂಪು ವೃತ್ತ ಅವನ ಕೈಯಲ್ಲಿದ್ದ ಕ್ಷೌರದ ಕತ್ತಿಯನ್ನು ಸುತ್ತುವರಿದಿತ್ತು.