ಚಿಗವ್ವ ತಿದ್ದಿದ ಮೃಗ

ಧಾರವಾಡದ ಒಂದು ಆರ್ಟ್ ಕಾಲೇಜಿನಲ್ಲಿ ದಾನೇಶ್ವರಿ ಕೊನೆಯ ವರ್ಷ ಓದುತ್ತಿದ್ದಳು.
ಅವಳಿಗಿದ್ದ ಹುಚ್ಚು ಒಂದೇ... ಲೋಕದಲ್ಲಿ ಎಲ್ಲೂ ಇಲ್ಲದ ಪ್ರಾಣಿಗಳನ್ನು ಹುಟ್ಟಿಸುವುದು.

ಹುಲಿಯ ಮೈಗೆ ಹದ್ದಿನ ರೆಕ್ಕೆ, ಮೊಸಳೆಯ ಬಾಲಕ್ಕೆ ನವಿಲುಗರಿ... ಪೆನ್ಸಿಲ್ ಹಿಡಿದರೆ ಹಸಿವೂ ನೆನಪಿರುತ್ತಿರಲಿಲ್ಲ.

ನೆನಪು ಮಾಡುತ್ತಿದ್ದವಳು ಚಿಗವ್ವ ಕಸ್ತೂರಿ, ತಾಯಿಯ ತಂಗಿ. ಓದಲು ಬಂದ ದಾನೇಶ್ವರಿ ಇದ್ದುದು ಅವಳ ಮನೆಯಲ್ಲೇ.

"ನಿನ್ನ ಹುಲಿ ಉಪವಾಸ ಇರಲಿ. ನೀ ಮೊದಲ ರೊಟ್ಟಿ ತಿನ್ನು" ಎಂದು ತಟ್ಟೆಯನ್ನು ಹಾಳೆಯ ಮೇಲೆಯೇ ಇಟ್ಟುಬಿಡುವಳು.

ಕಸ್ತೂರಿಗೆ ಚಿಕ್ಕಂದಿನಿಂದಲೂ ತೊನ್ನು. ಕೈಮೇಲೆ, ಕುತ್ತಿಗೆಯಲ್ಲಿ, ಒಂದು ಕಣ್ಣಿನ ಸುತ್ತ ಬಿಳಿ ಕಲೆಗಳು.
ಮದುವೆ ಆಗಲಿಲ್ಲ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದಳು. ಬಂಧುಗಳ ಮದುವೆ, ತೊಟ್ಟಿಲು ಯಾವುದಕ್ಕೂ ಹೋಗುತ್ತಿರಲಿಲ್ಲ.

ಕಾಲೇಜಿನಲ್ಲಿ ಕೊನೆಯ ಪ್ರಾಜೆಕ್ಟ್ ಬಂತು... ಒಂದು ಹೊಸ ಪ್ರಾಣಿ, ಅದರ ಕ್ಯಾರೆಕ್ಟರ್ ಶೀಟ್.
ಅದು ಮುಂದಿನಿಂದ ಹೇಗೆ, ಪಕ್ಕದಿಂದ ಹೇಗೆ, ಸಿಟ್ಟು ಬಂದರೆ ಮುಖ ಹೇಗೆ, ಸ್ವಭಾವ ಎಂಥದು... ಎಲ್ಲವೂ ಒಂದೇ ಹಾಳೆಯಲ್ಲಿ ಇರಬೇಕು.

ದಾನೇಶ್ವರಿ ತಂದ ಮೊದಲ ಶೀಟನ್ನು ಬಳಿಗಾರ ಸರ್ ಬಹಳ ಹೊತ್ತು ನೋಡಿದರು.
"ಕೋಡು ಅದಾವ, ರೆಕ್ಕಿ ಅದಾವ, ಹಲ್ಲೂ ಅದಾವ. ಜೀವ ಎಲ್ಲೈತಿ ದಾನೇಶ್ವರಿ? ನೀ ಪ್ರೀತಿಯಿಂದ ನೋಡಿದ್ದನ್ನ ಏನರ ಇದರಾಗ ತಾ."

ಬೇಸರದಿಂದ ಮನೆಗೆ ಬಂದಳು. ಚಿಗವ್ವ ಹೊಲಿಗೆ ಮಷಿನ್ ಮುಂದೆ ಕೂತಿದ್ದಳು. ಕಿಟಕಿಯ ಬಿಸಿಲು ಅವಳ ಕೈಮೇಲೆ ಬಿದ್ದಿತ್ತು.

ದಿನವೂ ಕಾಣುವ ಕೈ... ಆದರೆ ಆ ಕಲೆಗಳು ಅಂದು, ಗಾಳಿಗೆ ಚದುರಿದ ಬಿಳಿ ಮೋಡಗಳ ಹಾಗೆ ಕಂಡವು.

ದಾನೇಶ್ವರಿ ಹೊಸ ಹಾಳೆ ತೆಗೆದಳು.
ಕರಡಿಯ ಮೈಕಟ್ಟು, ಜಿಂಕೆಯ ಕಾಲು, ಅಗಲವಾದ ಕಿವಿ... ಕಂದು ಮೈತುಂಬ ಬಿಳಿ ಮೋಡಗಳು. ಒಂದು ಕಣ್ಣಿನ ಸುತ್ತ ಬಿಳಿ ಉಂಗುರ.

ಸ್ವಭಾವ ಎಂಬಲ್ಲಿ ಬರೆದಳು: "ಜನರನ್ನು ಕಂಡರೆ ಹೆದರಿಕೆ. ಗುಹೆಯಲ್ಲಿ ಅವಿತುಕೊಳ್ಳುತ್ತದೆ."

ಮರುದಿನ ಅವಳು ಕಾಲೇಜಿನಿಂದ ಬಂದಾಗ ಚಿಗವ್ವ ಮೇಜಿನ ಮುಂದೆ ನಿಂತಿದ್ದಳು. ಕೈಯಲ್ಲಿ ಆ ಹಾಳೆ.
ಊಟಕ್ಕೆ ಕರೆಯಲಿಲ್ಲ.

ದಾನೇಶ್ವರಿಗೆ ಆಗ ಹೊಳೆಯಿತು. ಸಾಕಿದವಳನ್ನೇ ಮೃಗ ಮಾಡಿಬಿಟ್ಟೆನಲ್ಲ...

"ಚಿಗವ್ವ, ತಪ್ಪಾತು. ಕೊಡು ಇಲ್ಲೆ, ಹರದು ಒಗಿತೀನಿ."

ಚಿಗವ್ವ ಹಾಳೆಯನ್ನು ಎದೆಗೆ ಒತ್ತಿಕೊಂಡಳು.
"ಹರಿಬ್ಯಾಡ. ನನ್ನ ಮೈ ಇಷ್ಟ ಛಂದ ಐತಿ ಅಂತ ನನಗ ಗೊತ್ತ ಇರಲಿಲ್ಲ."

"ಮತ್ತ ಯಾಕ ಅಳಾಕತ್ತಿ?"

ಚಿಗವ್ವ ಸ್ವಭಾವದ ಸಾಲಿನ ಮೇಲೆ ಬೆರಳಿಟ್ಟಳು.
"ಇದೊಂದು ಸುಳ್ಳು ಬರದಿ."

ಹಾಳೆಯನ್ನು ಮೇಜಿನ ಮೇಲಿಟ್ಟು ಹೇಳಿದಳು...
"ನಾ ಯಾರಿಗೂ ಹೆದರಿದಾಕಿ ಅಲ್ಲ ದಾನಿ. ನಿಮ್ಮವ್ವನ್ನ ನೋಡಾಕ ಬೀಗರು ಬಂದಾಗ, ಮನ್ಯಾಗ ತೊನ್ನು ಐತಿ ಅಂತ ಸಂಬಂಧ ತಪ್ಪಬಾರದು ಅಂತ ಹಿತ್ತಲದಾಗ ಕೂತೆ. ನಿಮ್ಮಕ್ಕನ ಮದುವಿಗೂ ಅದಕ್ಕ ಬರಲಿಲ್ಲ. ನಾಳೆ ನಿನಗೂ ಒಂದು ಗಂಡು ನೋಡಬೇಕಲ್ಲ..."

ದಾನೇಶ್ವರಿಗೆ ಅಕ್ಕನ ಮದುವೆ ನೆನಪಾಯಿತು. ಮದುಮಗಳ ಬ್ಲೌಸ್ ಹೊಲಿದು ಕಳಿಸಿದವಳು ಇದೇ ಚಿಗವ್ವ.
"ಅಕ್ಷತೆ ಹಾಕಾಕೂ ಬರಲಿಲ್ಲ, ಎಷ್ಟು ಬಿಗುಮಾನ ಅಕಿಗೆ" ಎಂದು ಬಂಧುಗಳು ಆಡಿಕೊಂಡಾಗ ತಾನೂ ತಲೆಯಾಡಿಸಿದ್ದಳು.

ಅವಳು ಚಿಗವ್ವನ ಹೆಗಲ ಮೇಲೆ ಮುಖವಿಟ್ಟು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಪೆನ್ಸಿಲ್ ತೆಗೆದಳು.
"ಹಂಗಾದ್ರ ನೀನ ಹೇಳು. ಏನ್ ಬರೀಲಿ?"

ಚಿಗವ್ವ ಯೋಚಿಸಿ ಹೇಳಿದಳು. "ಮರಿಗಳ ದಾರಿ ಚೊಲೊ ಇರಲಿ ಅಂತ ತಾನು ಬಾಜೂಕ ಸರದು ನಿಲ್ಲತೈತಿ... ಹಂಗ ಬರಿ."

ದಾನೇಶ್ವರಿ ಹಾಗೆಯೇ ಬರೆದಳು. ಕೆಳಗೆ ತನ್ನದೊಂದು ಸಾಲು ಸೇರಿಸಿದಳು: "ದೊಡ್ಡವಾದ ಮರಿಗಳು ಅದನ್ನು ಕರೆದು ಮುಂದೆ ನಿಲ್ಲಿಸುತ್ತವೆ."

"ನನ್ನ ನೋಡಾಕ ಬಂದವರು ನಿನ್ನ ನೋಡಿ ಹೊಳ್ಳಿ ಹೋದ್ರ ಹೋಗ್ಲಿ ಚಿಗವ್ವ. ಅಂಥಾ ಮನಿ ನನಗ ಬ್ಯಾಡ. ಈ ಚಿತ್ರ ಇಡೋ ಕಾಲೇಜಿನ ಪ್ರದರ್ಶನಕ್ಕ ನೀ ಬರಬೇಕು."

ಚಿತ್ರವನ್ನೂ ತಿದ್ದಿದಳು. ಬಗ್ಗಿದ್ದ ಕತ್ತು ಎತ್ತರವಾಯಿತು. ನೆಲ ನೋಡುತ್ತಿದ್ದ ಕಣ್ಣು ನೇರವಾಯಿತು. ಕಾಲ ಬಳಿ ಎರಡು ಮರಿಗಳು ಬಂದವು.
ಬಳಿಗಾರ ಸರ್ ನೋಡಿ, "ಈಗ ಉಸಿರಾಡಾಕತ್ತೈತಿ" ಎಂದಷ್ಟೇ ಹೇಳಿದರು.

ಪ್ರದರ್ಶನದ ದಿನ ಕಸ್ತೂರಿ ಬಂದಳು. ಚಿತ್ರದ ಪಕ್ಕದ ಕುರ್ಚಿಯಲ್ಲಿ ಕೂತಳು. ಕೆಲವರು ನೋಡಿದರು, ಕೆಲವರು ಪಿಸುಗುಟ್ಟಿದರು. ಅವಳು ಏಳಲಿಲ್ಲ.

ಅಷ್ಟರಲ್ಲಿ ಒಬ್ಬ ತಾಯಿ ಪುಟ್ಟ ಮಗಳನ್ನು ಕರೆದುಕೊಂಡು ಬಂದಳು. ಹುಡುಗಿ ಬಾಯಿಗೆ ಕರ್ಚೀಫ್ ಹಿಡಿದಿದ್ದಳು. ಚಿತ್ರದ ಮುಂದೆ ಬಂದವಳು ಅಲ್ಲೇ ನಿಂತುಬಿಟ್ಟಳು.

"ಇದು ಕಡಿತೈತೇನ್ರಿ?"

"ಊಟಾ ಬಿಟ್ಟ ಹುಡುಗ್ಯಾರನ್ನ ಅಷ್ಟ ಕಡಿತೈತಿ" ಎಂದಳು ಕಸ್ತೂರಿ.

ಹುಡುಗಿ ನಕ್ಕಳು. ಕರ್ಚೀಫ್ ಜಾರಿತು. ತುಟಿಯ ಅಂಚಿನಲ್ಲಿ ಹೊಸದಾಗಿ ಮೂಡಿದ ಒಂದು ಬಿಳಿ ಕಲೆ...

ಅವಳು ಚಿತ್ರವನ್ನು ನೋಡಿದಳು, ಕಸ್ತೂರಿಯ ಕೈ ನೋಡಿದಳು. ಮೆಲ್ಲಗೆ ಬಂದು ಆ ಕೈಯ ಬಿಳಿ ಮೋಡದ ಮೇಲೆ ತನ್ನ ಅಂಗೈ ಇಟ್ಟಳು.
"ನಿಮಗೂ ಐತಿ?"

"ಹೂಂನವ್ವ, ನನಗೂ ಐತಿ. ಬಾ ಇಲ್ಲೆ, ಕೂಡು."

ಹುಡುಗಿ ಮಡಿಲೇರಿ ಕೂತಳು. ಆಚೆ ನಿಂತಿದ್ದ ತಾಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.
ಕರ್ಚೀಫ್ ನೆಲದ ಮೇಲೆ ಬಿದ್ದಿತ್ತು... ಯಾರೂ ಅದನ್ನು ಎತ್ತಿಕೊಡಲಿಲ್ಲ.

*

ಬದಿಗೆ ಸರಿದು ನಿಂತವರೆಲ್ಲ ಹೆದರಿದವರಲ್ಲ... ಕೆಲವರು ನಮಗೆ ದಾರಿ ಬಿಟ್ಟು ನಿಂತಿರುತ್ತಾರೆ.

ನಿಮಗಾಗಿ ಹಾಗೆ ಬದಿಗೆ ನಿಂತವರನ್ನು ನೀವು ಕೈಹಿಡಿದು ಮುಂದೆ ಕರೆದಿದ್ದೀರಾ?