ಹತ್ತರಿಗೆ ಹಚ್ಚುವ ಎಣ್ಣೆ

ಬೇಸಿಗೆ ಕಳೆಯುತ್ತ ಬಂದಿತ್ತು. ತರಬೇತಿ ಶಾಲೆಯ ಮರಗೆಲಸದ ಶೆಡ್ಡಿನಲ್ಲಿ ಬಾಗಿಲ ಚೌಕಟ್ಟುಗಳ ಕೆಲಸ ನಡೆದಿತ್ತು. ಗರಗಸದ ಸದ್ದಿನ ನಡುವೆ ಮೇಷ್ಟ್ರು ಖಾಲಿ ಬಾಯಿ ಆಡಿಸುತ್ತ ನಿಂತಿದ್ದರು. ಬಿಸಿಲು ಇಳಿಯುವ ಈ ಹೊತ್ತಿಗೆ ಅವರ ಜೇಬಿನಲ್ಲಿ ಹುರಿದ ಕಡಲೆಕಾಯಿ ಇರುತ್ತಿತ್ತು. ಹೊಸ ಹುಡುಗಿ ಸೇರಿದಂದಿನಿಂದ ಇಲ್ಲ. ಕಡಲೆಕಾಯಿ ಅವಳ ಮೈಗೆ ಆಗದು; ಒಂದು ಚೂರು ಬಾಯಿಗೆ ಹೋದರೂ ಗಂಟಲು ಕಟ್ಟಿ ಉಸಿರು ನಿಲ್ಲಬಹುದು ಎಂದು ಅವಳ ತಾಯಿ ಬಂದು ಹೇಳಿಹೋಗಿದ್ದಳು. ಕ್ಯಾಂಟೀನಿನಲ್ಲೂ ಈಗ ಅದರ ಹೆಸರಿಲ್ಲ.

ಆ ದಿನ ತಾಯಿ ಪೆನ್ನಿನ ಆಕಾರದ ಇಂಜೆಕ್ಷನ್ ಒಂದನ್ನು ತೆಗೆದು, ಗಂಟಲು ಕಟ್ಟಿದರೆ ಅದನ್ನು ತೊಡೆಗೆ ಚುಚ್ಚುವ ಬಗೆಯನ್ನು ಮೇಷ್ಟ್ರಿಗೆ ತೋರಿಸಲು ಹೋಗಿದ್ದಳು.

"ಅದೆಲ್ಲ ನನಗ್ಯಾಕಮ್ಮಾ? ಕಡಲೆಕಾಯೀನೇ ಬಿಟ್ಟಿದ್ದೀನಿ. ಇನ್ನು ನನ್ನಿಂದ ಏನಾಗುತ್ತೆ?"

"ಸರಿ ಬಿಡಿ. ಇದನ್ನ ಒಂದೇ ಒಂದು ಸಲ ಹೊರಗೆ ತೆಗೆಯೋ ಹಾಗೆ ಬಂದ್ರೂ ಮಗಳನ್ನ ಮನೆಗೆ ಕರ್ಕೊಂಡು ಹೋಗ್ತೀನಿ," ಎಂದು ತಾಯಿ ಅದನ್ನು ಮಗಳ ಚೀಲಕ್ಕೆ ಹಾಕಿದ್ದಳು.

ಹುಡುಗಿಯ ಕೈ ಚೆನ್ನಾಗಿತ್ತು. ಶಾಲೆಯ ಹತ್ತರಿ ಚೆನ್ನಾಗಿರಲಿಲ್ಲ. ಮರವನ್ನು ನುಣುಪು ಮಾಡುವ ಬದಲು ಎಳೆ ಎಳೆಯಾಗಿ ಕೀಳುತ್ತಿತ್ತು. ಸ್ವಲ್ಪ ಹೊತ್ತು ನೋಡಿದ ಮೇಷ್ಟ್ರು ತಮ್ಮ ಪೆಟ್ಟಿಗೆ ತೆರೆದು, ಅಪ್ಪನ ಕಾಲದ ಮರದ ಹತ್ತರಿಯನ್ನು ಅವಳ ಮುಂದಿಟ್ಟರು. ಉಳಿಯ ತಲೆಗೆ ಕೊಡತಿಯಿಂದ ಬಡಿಯುತ್ತಿದ್ದ ಹುಡುಗರೆಲ್ಲ ಕೈ ನಿಲ್ಲಿಸಿದರು. ಆ ಹತ್ತರಿಯನ್ನು ಬೇರೊಬ್ಬರು ಮುಟ್ಟಿದ್ದನ್ನು ಅವರು ಕಂಡಿರಲಿಲ್ಲ.

"ಏನ್ರೋ ನೋಡ್ತೀರಿ? ನಿಮ್ಮ ಕೈಗೆ ಕೊಟ್ರೆ ಇದ್ರಲ್ಲಿ ಸೌದೆ ಒಡೀತೀರಿ."

ಹತ್ತರಿ ಓಡಿದಲ್ಲೆಲ್ಲ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಸುರುಳಿ ಎದ್ದಿತು. ಹುಡುಗಿ ಅದೇ ಕೈಯಲ್ಲಿ ಪೆನ್ಸಿಲ್ ಹಿಡಿದು ಗುರುತು ಹಾಕಿ, ಬಡಗಿಗಳೆಲ್ಲ ಮಾಡುವಂತೆ ಅದನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಮುಂದಿನ ಅಳತೆಗೆ ಬಾಗಿದಳು. ಅಳತೆ ಮುಗಿಯುವ ಮೊದಲೇ ತುಟಿ ಊದಿತು. ಅವಳು ನೆಲದ ಮೇಲೆ ಕೂತು, ಚೀಲದಿಂದ ಆ ಇಂಜೆಕ್ಷನ್ ಪೆನ್ನು ತೆಗೆದು, ತೊಡೆಗೆ ತಾನೇ ಚುಚ್ಚಿಕೊಂಡಳು. "ಆಂಬುಲೆನ್ಸ್ ಕರೀರಿ," ಎಂದಳು. ಒಬ್ಬ ಹುಡುಗ ಫೋನಿಗೆ ಓಡಿದ.

"ನಿನ್ನಾಣೆ ಕಣಮ್ಮಾ, ನಾನು ಕಡಲೆಕಾಯಿ ಮುಟ್ಟಿಲ್ಲ!" ಎಂದರು ಮೇಷ್ಟ್ರು.

"ಹತ್ತರಿಗೆ... ಏನು ಹಚ್ತೀರಿ?"

"ಗಾಣದೆಣ್ಣೆ. ಅಪ್ಪನ ಕಾಲದಿಂದ್ಲೂ ಅದೇ."

"ಯಾವುದರ ಎಣ್ಣೆ?"

ಮೇಷ್ಟ್ರು ಹತ್ತರಿಯನ್ನು ತಿರುಗಿಸಿ ನೋಡಿದರು. "ಕಡಲೆಕಾಯೀದು. ಆದ್ರೆ ಅದು ತಿನ್ನೋದಲ್ಲಮ್ಮಾ, ಹತ್ತರಿಗೆ ಹಚ್ಚೋದು."

ಹುಡುಗಿ ಆಸ್ಪತ್ರೆಯಿಂದ ಮನೆಗೆ ಬಂದ ಮಾರನೆಯ ದಿನ, ತಾಯಿ ಮಗಳ ಸಾಮಾನು ಒಯ್ಯಲು ಬಂದಳು. ಶೆಡ್ಡಿನ ಬೆಂಚುಗಳೆಲ್ಲ ಅಂಗಳದಲ್ಲಿದ್ದವು. ಹುಡುಗರು ಸೋಪು ಹಾಕಿ ತಿಕ್ಕುತ್ತಿದ್ದರು. ಮೇಷ್ಟ್ರು ಒಳಗೆ ಒಂದು ಹೊಸ ಮರದ ತುಂಡಿನಲ್ಲಿ ಹತ್ತರಿಯ ಮೈ ಕೊರೆಯುತ್ತಿದ್ದರು.

"ಹಳೇದು?" ಎಂದಳು ತಾಯಿ.

"ಎಷ್ಟು ತೊಳೆದ್ರೂ ಎಣ್ಣೆ ಬಿಡಲಿಲ್ಲ. ಮನೇಲಿ ಒಲೆಗೆ ಹಾಕ್ದೆ."

"ನಿಮ್ಮಪ್ಪಂದಲ್ವಾ?"

"ಹೌದು. ಚೆನ್ನಾಗಿ ಉರೀತು."

ತಾಯಿ ಗೂಟದಲ್ಲಿ ನೇತಾಡುತ್ತಿದ್ದ ಮಗಳ ಕೆಲಸದ ಅಂಗಿಯತ್ತ ಕೈ ಚಾಚಿದಳು. ಅದರ ಮೇಲಿನ ಹೊಟ್ಟು ಕೊಡವಿ, ಅಲ್ಲೇ ಬಿಟ್ಟಳು. ಆಮೇಲೆ ತನ್ನ ಕೈಚೀಲದಿಂದ ಹೊಸ ಪೆನ್ನೊಂದನ್ನು ತೆಗೆದು ಮೇಷ್ಟ್ರ ಮುಂದಿಟ್ಟಳು. ಅವರು ಅಂಗೈ ಒರೆಸಿಕೊಂಡು ಅದನ್ನು ಎತ್ತಿಕೊಂಡರು.

"ಹಿಡಿಯೋದು ಹೇಗಮ್ಮಾ?"

"ಉಳಿ ಹಿಡಿಯೋ ಹಾಗೇ ಹಿಡೀರಿ," ಎಂದಳು ತಾಯಿ. "ಕೊಡತಿ ಮಾತ್ರ ತರ್ಬೇಡಿ."